ಬಾಗಿನದ ಕಾರ್ಡುಗಳು

ಗ್ಲೆಂಡೇಲ್ ಹೈಟ್ಸ್‌ನಲ್ಲಿ ಅವರು ತೀರಿಕೊಂಡರೆಂಬ ಸುದ್ದಿ ಕಳೆದ ವಾರ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈ ಮುಗಿದ ಚಿತ್ರಗಳು ಸಾಲಾಗಿ ಬಂದವು. ನಡುವೆ ಒಬ್ಬರು, "ಯಾರು, ಆ ಕಾರ್ಡ್ ಅಂಕಲ್ಲಾ?" ಎಂದು ಬರೆದರು. ಇನ್ನೊಬ್ಬರು "ಹೌದು, ಅವರೇ" ಎಂದರು. ಆಮೇಲೆ ಯಾರೂ ಏನೂ ಬರೆಯಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಬರೆಯಬಾರದು, ಒಳ್ಳೆಯದು ಬರೆಯಲು ಮನಸ್ಸಿಲ್ಲ ಎಂದಾಗ ಜನ ಹೀಗೆ ಸುಮ್ಮನಾಗುತ್ತಾರೆ. ನನಗೆ ಮೈ ಉರಿಯಿತು.

ಅವರ ಹೆಸರು ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಬಳಸುತ್ತಿರಲಿಲ್ಲ. ನಾನೂ ಇಲ್ಲಿ ಬಳಸುವುದಿಲ್ಲ. ಹೆಸರು ಬರೆದರೆ, "ಯಾವ ಧೈರ್ಯದ ಮ್ಯಾಲೆ ಬರದಿ? ಯಾರನ್ನ ಕೇಳಿ ಬರದಿ?" ಎಂದು ಅಲ್ಲಿಂದಲೇ ಕೇಳುವ ಮನುಷ್ಯ ಅವರು.

ನಾನು ಅವರನ್ನು ಮೊದಲು ನೋಡಿದ್ದು ನಾವಿರುವ ಮಿಶಿಗನ್ನಿನ ಆಬರ್ನ್ ಹಿಲ್ಸ್‌ನಲ್ಲಿ, ಗೆಳತಿ ವಸುಧಾಳ ಮಗನ ಹುಟ್ಟುಹಬ್ಬದಲ್ಲಿ. ಬಾಗಿಲ ಬಳಿ ಚಪ್ಪಲಿ, ಬೂಟುಗಳ ಗುಡ್ಡೆ ಬಿದ್ದಿತ್ತು. ಒಳಗೆ ಅರವತ್ತರ ಹತ್ತಿರದ ಗಂಡಸೊಬ್ಬರು ಊಟದ ಮೇಜಿನ ಕೊನೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಅವರ ಕುರ್ಚಿಯ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಅವರ ಬೂಟು. ನಾನು ನೋಡುತ್ತಿರುವುದನ್ನು ನೋಡಿ ಅವರೇ ಹೇಳಿದರು:

"ಗುಡಿಯಾಗ ಕಳಕೊಂಡೀನ್ರಿ. ದೇವರ ಮುಂದನ ಹೋಗ್ತಾವ ಅಂದ್ರ, ಕೇಕಿನ ಮುಂದ ಉಳೀತಾವೇನು?"

ಹುಬ್ಬಳ್ಳಿ ಕಡೆಯವರು. ಆಬರ್ನ್ ಹಿಲ್ಸ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಹೆಂಡತಿ, ಮನೆ ಎಲ್ಲ ಶಿಕಾಗೋ ಹತ್ತಿರದ ಗ್ಲೆಂಡೇಲ್ ಹೈಟ್ಸ್‌ನಲ್ಲಿ. ಆ ಮನೆಗೆ ಕೊಟ್ಟ ಬೆಲೆಯಲ್ಲಿ ಅರ್ಧಕ್ಕೂ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅದನ್ನು ಮಾರುವಂತಿರಲಿಲ್ಲ. ಹಾಗಾಗಿ ವಾರವಿಡೀ ಇಲ್ಲಿ ಯಾರದೋ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದು, ಶುಕ್ರವಾರ ಸಂಜೆ ನೈಂಟಿಫೋರ್ ಹೆದ್ದಾರಿ ಹಿಡಿದು ಅಲ್ಲಿಗೆ, ಭಾನುವಾರ ವಾಪಸ್ ಇಲ್ಲಿಗೆ. ಆ ಓಡಾಟದಲ್ಲೇ ಅವರಿಗೊಂದು ವ್ಯಾಪಾರ ಹುಟ್ಟಿಕೊಂಡಿತ್ತು. ಜನಕ್ಕೆ ಬೇಡವಾದ ಗಿಫ್ಟ್ ಕಾರ್ಡುಗಳನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸಾಗಿಸಿ ಬದಲಾಯಿಸಿ ಕೊಡುವುದು.

ನಮ್ಮ ಜನಕ್ಕೆ ಬೇಡದ ಕಾರ್ಡುಗಳಿಗೇನು ಬರವೇ? ಗೃಹಪ್ರವೇಶ, ಸೀಮಂತ, ಹುಟ್ಟುಹಬ್ಬ ಯಾವುದೇ ಇರಲಿ, ಆಹ್ವಾನದ ಕೆಳಗೆ "ಬಾಕ್ಸ್ ಗಿಫ್ಟ್ ಬೇಡ" ಎಂದು ಹಾಕುತ್ತೇವೆ. ಬರುವುದೆಲ್ಲ ಕಾರ್ಡು. ಅದರ ಮೇಲೆ ಆಫೀಸಿನವರು ಕೊಡುವುದು ಬೇರೆ. ನನ್ನ ಗಂಡನ ಮ್ಯಾನೇಜರ್ ಬಹಳ ಒಳ್ಳೆಯ ಮನುಷ್ಯ, ಪ್ರತಿ ಕ್ರಿಸ್ಮಸ್ಸಿಗೂ ಪ್ರೀತಿಯಿಂದ ಸ್ಟೇಕ್‌ಹೌಸಿನ, ಅಂದರೆ ದನದ ಮಾಂಸದ ಹೋಟೆಲಿನ, ಕಾರ್ಡು ಕೊಡುತ್ತಿದ್ದ. ಏಕಾದಶಿ ದಿನ ಈರುಳ್ಳಿ ಮುಟ್ಟದ ಮನೆ ನಮ್ಮದು. ಜೊತೆಗೆ ಸ್ಪಾ, ಗಾಲ್ಫ್, ಬೇಟೆಯ ಸಾಮಾನಿನ ಅಂಗಡಿ. ಡ್ರಾಯರ್ ತುಂಬಿ ಹೋಗಿತ್ತು. ಅಂಕಲ್ ಅವನ್ನು ತೆಗೆದುಕೊಂಡು ದಿನಸಿ ಅಂಗಡಿಯ ಕಾರ್ಡೋ, ಪೆಟ್ರೋಲಿನ ಕಾರ್ಡೋ ತಂದುಕೊಡುತ್ತಿದ್ದರು. ತಮ್ಮ ಪಾಲು ಸ್ವಲ್ಪ ಹಿಡಿಯುತ್ತಿದ್ದರು. ಸ್ಟೇಕ್‌ಹೌಸಿನ ಕಾರ್ಡುಗಳನ್ನು ಮಾತ್ರ ಎರಡು ಬೆರಳ ತುದಿಯಲ್ಲಿ ಹಿಡಿದು ಬೇರೆಯೇ ಚೀಲಕ್ಕೆ ಹಾಕುತ್ತಿದ್ದರು. ಅವರು ಲಿಂಗ ಕಟ್ಟಿದವರು.

ನನಗೆ ಮೊದಲ ದಿನವೇ ಅನುಮಾನ ಬಂತು. ಅದು ನನ್ನ ಹುಟ್ಟುಗುಣ ಎಂದರೂ ಸರಿಯೇ. ಮೈಸೂರಿನಲ್ಲಿ ನಮ್ಮಮ್ಮ ಹಾಲಿನವನ ಮುಂದೆ ನಿಂತು, ಅವನ ಚೊಂಬನ್ನು ಬಗ್ಗಿಸಿ ನೋಡಿ, ಆಮೇಲೆ ಹಾಲು ಕರೆಸುತ್ತಿದ್ದವರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ನಮ್ಮ ಮನೆಯಲ್ಲಿ ಬರೀ ಗಾದೆಯಾಗಿರಲಿಲ್ಲ. ಈ ಅಂಕಲ್‌ಗೆ ಇದರಲ್ಲಿ ಏನು ಗಿಟ್ಟುತ್ತದೆ, ಆ ಸ್ಟೇಕ್ ಕಾರ್ಡುಗಳನ್ನು ಕೊಳ್ಳುವವರು ಯಾರು, ಹೇಳುವುದೊಂದು ಬೆಲೆ ಮಾರುವುದೊಂದು ಬೆಲೆಯೇ ಎಂದು ವಸುಧಾಳನ್ನು ಕೇಳಿದೆ. "ಅದೆಲ್ಲ ನಂಗ್ಗೊತ್ತಿಲ್ಲಪ್ಪ. ಆ ಮನುಷ್ಯ ಮಾತ್ರ ಸರಿ ಇಲ್ಲ ಅನ್ಸುತ್ತೆ" ಎಂದಳು. ಹಾಗೆಂದವಳು ಅವತ್ತೇ ಅವರಿಗೆ ತನ್ನ ಕಾರ್ಡುಗಳನ್ನೂ ಕೊಟ್ಟಳು.

ಆದರೆ ಅನುಮಾನದಲ್ಲಿ ನನ್ನನ್ನು ಮೀರಿಸಿದವರನ್ನು ನಾನು ಅಲ್ಲೇ ಕಂಡಿದ್ದು. ಕಾರ್ಡನ್ನು ಕೈಗೆ ಕೊಟ್ಟರೆ ಕನ್ನಡಕ ಹಣೆಗೇರಿಸಿ, ಅಂಚನ್ನು ಮೇಜಿಗೆ ಟಕ್ಕೆಂದು ತಟ್ಟಿ ಕೇಳುವರು: "ಯಾರು ಕೊಟ್ಟಿದ್ದು? ಯಾಕ ಕೊಟ್ರು? ನಿಮಗ್ಯಾಕ ಬ್ಯಾಡ?" ಉತ್ತರ ಹೇಳಿದರೂ ಮುಖದಲ್ಲಿ ನಂಬಿಕೆ ಮೂಡದು. ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಎಲ್ಲರೆದುರು ಮೇಜಿನ ಮೇಲಿಡುವರು. ಆ ಮಷೀನು ಹೆಂಗಸು ಬ್ಯಾಲೆನ್ಸ್ ಹೇಳುವತನಕ ಯಾರೂ ಮಾತಾಡುವಂತಿಲ್ಲ. ಒಮ್ಮೆ ಒಬ್ಬ ಡಾಕ್ಟರ್ ಸಿಟ್ಟಾಗಿ, "ಏನ್ರೀ, ನಾನು ಸುಳ್ಳು ಹೇಳ್ತೀನಾ?" ಎಂದರು. ಅಂಕಲ್ ಶಾಂತವಾಗಿ, "ನೀವು ಹೇಳಂಗಿಲ್ರಿ. ಕಾರ್ಡ್ ಹೇಳ್ತಾವ" ಎಂದರು.

ಕಾಫಿ ಕೊಟ್ಟರೆ ಮೂಸಿ ನೋಡಿ ಕುಡಿಯುತ್ತಿದ್ದರು. ಕಾರಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಬಂದವರು ತಿರುಗಿ ಹೋಗಿ ಬಾಗಿಲು ಎಳೆದು ನೋಡುತ್ತಿದ್ದರು. ಒಂದು ಸಲ ನಾನು ಕೇಳಿಯೇಬಿಟ್ಟೆ: "ಅಂಕಲ್, ಯಾರನ್ನೂ ನಂಬದೇ ಹೇಗೆ ಬದುಕ್ತೀರಾ?"

"ಅದಕ್ಕ ಬದುಕೀನಿ ತಂಗಿ. ಕಾರ್ಖಾನ್ಯಾಗ ನನಗ ಪಗಾರ ಕೊಡೂದ ಸಂಶಯಕ್ಕ. ನಾ ನಂಬಿದ್ನಂದ್ರ ಯಾರದರ ಬ್ರೇಕ್ ಫೇಲ್ ಆಗ್ತಾವ."

ಅದಾದ ಮೇಲೆ ಅವರನ್ನು ಕಂಡರೆ ನನಗೆ ಒಂದು ಬಗೆಯ ಗೌರವ ಶುರುವಾಯಿತು. ಅನುಮಾನ ಮಾತ್ರ ಹೋಗಲಿಲ್ಲ.

ಆ ಚಳಿಗಾಲದಲ್ಲಿ ನನ್ನ ಗಂಡನ ಕೆಲಸ ಹೋಯಿತು. ಕಾರಿನ ಕಂಪನಿಗಳು ಒಂದೊಂದಾಗಿ ಕೈ ಚೆಲ್ಲುತ್ತಿದ್ದ ಕಾಲ. ನಮ್ಮ ಬಡಾವಣೆಯಲ್ಲಿ ಬೆಳಿಗ್ಗೆ ಎಂಟಕ್ಕೂ ಕಾರುಗಳು ಮನೆಮುಂದೆಯೇ ನಿಂತಿರುತ್ತಿದ್ದವು. ಮನೆ ಸಾಲದ ಕಂತಿಗೆ ಕೂಡಿಟ್ಟಿದ್ದನ್ನು ಮುಟ್ಟಬಾರದು, ಉಳಿದದ್ದರಲ್ಲಿ ಊಟ ಆಗಬೇಕು ಎಂದು ನಾವಿಬ್ಬರೂ ಕೂತು ತೀರ್ಮಾನ ಮಾಡಿದೆವು. ಆಗ ಆ ಡ್ರಾಯರೇ ನಮ್ಮ ಬ್ಯಾಂಕಾಯಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನಮ್ಮಲ್ಲಿ ಮಲ್ಲಿಗೆ ಹೂವು ಡ್ರಾಯರ್ ತುಂಬಾ ಇತ್ತು, ಅದನ್ನು ಹಿಟ್ಟು ಮಾಡಿಕೊಡಲು ಅಂಕಲ್ ಇದ್ದರು. ಪ್ರತಿ ಸೋಮವಾರ ಸಂಜೆ ಕೆಲಸ ಮುಗಿಸಿ ಬರುತ್ತಿದ್ದರು. ಮಗಳು ಕಿಟಕಿಯಿಂದ ನೋಡಿ, "ಮಾಮ್, ದ ಶೂ ಬ್ಯಾಗ್ ಅಂಕಲ್ ಈಸ್ ಹಿಯರ್" ಎನ್ನುತ್ತಿದ್ದಳು.

ಕೈಯಲ್ಲಿ ಇನ್ನೊಂದು ಭರವಸೆಯೂ ಇತ್ತು. ನನ್ನ ಅಣ್ಣ. ಶಿಕಾಗೋ ಪಕ್ಕದ ಪ್ಲೇನ್‌ಫೀಲ್ಡ್‌ನಲ್ಲಿದ್ದ, ಬ್ಯಾಂಕೊಂದರ ಐ.ಟಿ.ಯಲ್ಲಿ ದೊಡ್ಡ ಕೆಲಸ, ದೊಡ್ಡ ಮನೆ. ನಮ್ಮ ಸುದ್ದಿ ಕೇಳಿದ ದಿನವೇ ಫೋನ್ ಮಾಡಿ, "ಯೋಚ್ನೆ ಮಾಡ್ಬೇಡ ಕಣೇ. ಸ್ಕೂಲ್ ಮುಗಿಯೋದ್ರೊಳ್ಗೆ ಕೆಲ್ಸ ಸಿಗ್ಲಿಲ್ಲ ಅಂದ್ರೆ ಮನೆ ಬಿಟ್ಟು ಇಲ್ಲಿಗೇ ಬಂದ್ಬಿಡಿ. ಬೇಸ್‌ಮೆಂಟ್ ಪೂರ್ತಿ ಖಾಲಿ ಇದೆ" ಎಂದಿದ್ದ. ಆ ಮಾತಿನಿಂದಲೇ ನಾನು ಆ ಚಳಿಗಾಲ ನಿದ್ದೆ ಮಾಡಿದ್ದು. ತವರು ಎನ್ನುವುದು ಈ ದೇಶದಲ್ಲಿ ನನಗೆ ಅವನೊಬ್ಬನೇ.

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಬೇಕಲ್ಲ. ಮೈಸೂರಿನಲ್ಲಾಗಿದ್ದರೆ ಅರಿಶಿನ ಕುಂಕುಮಕ್ಕೆಂದು ಮನಿಯಾರ್ಡರ್ ಬರುತ್ತಿತ್ತು. ಅಣ್ಣ ಇಲ್ಲಿ ಗಿಫ್ಟ್ ಕಾರ್ಡು ಕಳಿಸುತ್ತಿದ್ದ. ಅದೂ ಎಂಥ ಕಾರ್ಡು, ಅವನ ಮನೆ ಹತ್ತಿರದ ದಿನಸಿ ಅಂಗಡಿಯದು. ಹಾಲು ತರಲು ಹೋದಾಗ ಕ್ಯಾಶಿಯರ್ ಪಕ್ಕ ತೂಗುಹಾಕಿರುತ್ತದಲ್ಲ, ಅದನ್ನೇ ಕಿತ್ತು ಕಳಿಸುವುದು. ಆ ಅಂಗಡಿ ಮಿಶಿಗನ್ನಿನಲ್ಲಿ ಎಲ್ಲೂ ಇರಲಿಲ್ಲ. ಒಂದು ವರ್ಷ ನಗುತ್ತಾ ಹೇಳಿದೆ, ಅವನಿಗೆ ನೆನಪುಳಿಯಲಿಲ್ಲ, ಮತ್ತೆ ಅದನ್ನೇ ಕಳಿಸಿದ. ನಾನೂ ಹೇಳುವುದು ಬಿಟ್ಟು, ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟೆ. "ಒಂದನ್ನೂ ಖರ್ಚು ಮಾಡಿಲ್ಲ ಕಣೋ ಅಣ್ಣ, ದೇವರ ಮುಂದೆ ಹಾಗೇ ಇದೆ" ಎಂದು ಪ್ರತಿ ವರ್ಷ ಹೆಮ್ಮೆಯಿಂದ ಹೇಳುತ್ತಿದ್ದೆ. ಅವನು ನಗುತ್ತಿದ್ದ. ಅಣ್ಣ ಜಾಗರೂಕ. ಅಂಚೆಯಲ್ಲಿ ಕಳೆದರೆ ದುಡ್ಡು ಮುಳುಗಬಾರದೆಂದು ಪ್ರತಿ ಕಾರ್ಡನ್ನೂ ಅಂಗಡಿಯಲ್ಲಿ ತನ್ನ ಹೆಸರಲ್ಲಿ ರಿಜಿಸ್ಟರ್ ಮಾಡಿಸಿಯೇ ಕಳಿಸುತ್ತಿದ್ದ.

ಏಪ್ರಿಲ್ ಹೊತ್ತಿಗೆ ಡ್ರಾಯರ್ ಬರಿದಾಯಿತು. ದೇವರ ಗೂಡಿಗೆ ಕೈ ಹಾಕಿದೆ. ಹಾಕುವಾಗ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಸೋಮವಾರ ಅಂಕಲ್ ಬಂದಾಗ ಆ ಕಾರ್ಡುಗಳನ್ನು ಮೇಜಿನ ಮೇಲಿಟ್ಟೆ. ಅವರು ಒಂದನ್ನು ಎತ್ತಿ, ಬೆರಳಿಗೆ ಕುಂಕುಮ ಅಂಟಿದ್ದನ್ನು ನೋಡಿದರು.

"ಇದೇನ್ ತಂಗಿ?"

"ಅಣ್ಣ ಗೌರಿ ಹಬ್ಬಕ್ಕೆ ಕಳ್ಸಿದ್ದು ಅಂಕಲ್. ನಿಮ್ಮ ಶಿಕಾಗೋ ಕಡೆ ಅಂಗಡಿ. ಅಲ್ಲಿ ಯಾರಾದ್ರೂ ತಗೋತಾರೆ ಅಂತ."

ಅವರು ಕಾರ್ಡನ್ನು ಮೇಜಿಗೆ ತಟ್ಟಲಿಲ್ಲ. ಕನ್ನಡಕವನ್ನೂ ಹಣೆಗೇರಿಸಲಿಲ್ಲ. ಕರವಸ್ತ್ರ ತೆಗೆದು, ಕಾರ್ಡುಗಳನ್ನೆಲ್ಲ ಅದರಲ್ಲಿ ಸುತ್ತಿ, ಅಂಗಿಯ ಜೇಬಿಗಿಟ್ಟುಕೊಂಡರು.

"ಫೋನ್ ಮಾಡಿ ನೋಡಲ್ವಾ?" ಎಂದೆ.

"ಉಡಿ ಅಕ್ಕೀನ ಯಾರರ ತೂಕ ಮಾಡ್ತಾರೇನು? ಅಣ್ಣ ಕೊಟ್ಟಿದ್ದು. ಇದರ ಮ್ಯಾಲ ಬರದಷ್ಟು ರೊಕ್ಕದ ದಿನಸಿ ಕಾರ್ಡ್ ಮುಂದಿನ ಸೋಮವಾರ ತರ್ತೀನಿ. ನನ್ನ ಪಾಲು ಬ್ಯಾಡ."

ಆಮೇಲೆ ತಮ್ಮ ಡ್ರೈವಿಂಗ್ ಲೈಸೆನ್ಸ್ ತೆಗೆದು ನನ್ನ ಮುಂದಿಟ್ಟರು. "ಇದರದೊಂದು ಕಾಪಿ ತಗೊಂಡ ಇಟ್ಕೊ. ರೊಕ್ಕ ಕೊಡದ ಮಾಲು ಒಯ್ಯಾಕತ್ತೀನಿ. ನನ್ನ ನಂಬು ಅಂತ ನಾ ಯಾರಿಗೂ ಹೇಳಂಗಿಲ್ಲ."

ನಾನು ಎದ್ದು ಹೋಗಿ ಪ್ರಿಂಟರಿನಲ್ಲಿ ಕಾಪಿ ತೆಗೆದುಕೊಂಡೆ. ಬೇಡ ಅಂಕಲ್ ಎನ್ನುವ ಸೌಜನ್ಯ ನನಗೆ ಹೊಳೆಯಲೇ ಇಲ್ಲ.

ಮುಂದಿನ ಸೋಮವಾರ ಅವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಮಂಗಳವಾರ ಕಾರ್ಖಾನೆಗೆ ಫೋನ್ ಮಾಡಿದೆ, ಆರ್ಡರ್ ಇಲ್ಲವೆಂದು ಪ್ಲಾಂಟ್ ಎರಡು ವಾರ ಮುಚ್ಚಿದ್ದರು. ಬೇಸ್‌ಮೆಂಟಿನ ಮಾಲೀಕನನ್ನು ಕೇಳಿದರೆ, ಊರಲ್ಲಿಲ್ಲ ಎಂದ. ಮನೆಯಲ್ಲಿ ಅಕ್ಕಿಯಿತ್ತು, ಬೇಳೆಯಿತ್ತು, ಬೇರೆ ಏನೂ ಹೆಚ್ಚಿರಲಿಲ್ಲ. ವಸುಧಾಳಿಗೆ ಹೇಳಿದೆ. "ನಾನ್ ಹೇಳ್ಲಿಲ್ವಾ ಕಣೇ, ಆ ಮನುಷ್ಯ ಸರಿಯಿಲ್ಲ ಅಂತ. ಬಾಗಿನದ ದುಡ್ಡನ್ನೂ ಬಿಡ್ಲಿಲ್ವಲ್ಲ" ಎಂದಳು. ಅವಳಿಗೆ ಹೇಳಿದರೆ ಆಯಿತಲ್ಲ, ವಾರದೊಳಗೆ ಆಬರ್ನ್ ಹಿಲ್ಸ್‌ನಿಂದ ಗ್ಲೆಂಡೇಲ್ ಹೈಟ್ಸ್‌ವರೆಗೆ ಎಲ್ಲರಿಗೂ ಗೊತ್ತಾಯಿತು.

ನನ್ನ ಗಂಡ ಮಾತ್ರ, "ಬರ್ತಾರೆ ಇರು, ದೊಡ್ಡವರು" ಎಂದರು. ಅವರು ಹಾಗೆಯೇ, ಲೇಆಫ್ ಪತ್ರ ಕೊಟ್ಟವನಿಗೂ ಥ್ಯಾಂಕ್ಸ್ ಹೇಳಿ ಬಂದವರು. ಎರಡನೆಯ ಸೋಮವಾರವೂ ದಾಟಿದ ಮೇಲೆ, ಶನಿವಾರ ಬೆಳಿಗ್ಗೆ ಮಗಳನ್ನು ಅವರ ಕೈಗೆ ಬಿಟ್ಟು, ಲೈಸೆನ್ಸಿನ ಕಾಪಿಯನ್ನು ಪಕ್ಕದ ಸೀಟಿನ ಮೇಲಿಟ್ಟುಕೊಂಡು ನಾನೇ ನೈಂಟಿಫೋರ್ ಹಿಡಿದೆ. ದಾರಿಯುದ್ದಕ್ಕೂ ಅಂಕಲ್‌ಗೆ ಬಯ್ಯಬೇಕಾದ ಮಾತುಗಳನ್ನು ಜೋಡಿಸಿದೆ. ಅರ್ಧದಾರಿಯ ಕಲಮಜೂ ದಾಟುವಷ್ಟರಲ್ಲಿ ಸಾಕಷ್ಟು ಜೋಡಿಸಿ ಆಗಿತ್ತು.

ಗ್ಲೆಂಡೇಲ್ ಹೈಟ್ಸ್‌ನಲ್ಲಿ ಬಾಗಿಲು ತೆಗೆದವರು ಅಂಕಲ್ ಹೆಂಡತಿ. "ಬರ್ರಿ" ಎಂದು ಕರೆದರು, ಮುಖ ಎತ್ತಲಿಲ್ಲ. ಅಂಕಲ್ ಊಟದ ಮೇಜಿನ ಹತ್ತಿರ, ಇಲ್ಲಿಯೂ ಬಾಗಿಲಿಗೆ ಮುಖ ಮಾಡಿಯೇ ಕೂತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

"ಛಲೋ ಮಾಡಿದಿ ಬಂದದ್ದು. ನಾನಾಗಿದ್ರ ಹ್ವಾದ ವಾರನ ಬರ್ತಿದ್ದೆ."

ನಾನು ಕೂರಲಿಲ್ಲ. "ನನ್ನ ಕಾರ್ಡ್ ಎಲ್ಲಿ ಅಂಕಲ್? ಫೋನ್ ಯಾಕೆ ಎತ್ತಲ್ಲ?"

ಅವರು ಒಂದು ಲಕೋಟೆಯನ್ನು ನನ್ನ ಕಡೆ ಸರಿಸಿದರು. ಒಳಗೆ ನಮ್ಮ ಮಿಶಿಗನ್ನಿನ ದಿನಸಿ ಅಂಗಡಿಯ ಕಾರ್ಡುಗಳು, ಹೇಳಿದಷ್ಟೇ. "ತಗೊ. ಸರಿ ಐತಿ ಇಲ್ಲೋ ಫೋನ್ ಹಚ್ಚಿ ನೋಡು. ಬರೂದು ತಡ ಆತು, ತಪ್ಪಾತು."

ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಅನುಮಾನ ಹೆಚ್ಚಾಯಿತು. ಕೊಡುವುದು ಸಿದ್ಧವಿದ್ದರೆ ಈ ಮನುಷ್ಯ ಅಡಗಿದ್ದೇಕೆ? ಅಷ್ಟರಲ್ಲಿ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ತಡೆಯಲಾರದೆ ಹೇಳಿದರು:

"ಕೈಯಿಂದ ಹಾಕ್ಯಾರ್ರಿ ಅವರು. ನಿಮ್ಮ ಕಾರ್ಡ್‌ನ್ಯಾಗ ಏನೂ ಇದ್ದಿಲ್ಲ. ಎಲ್ಲಾ ಖಾಲಿ."

"ನೀ ಒಳಗ ಹೋಗು" ಎಂದರು ಅಂಕಲ್.

"ಖಾಲಿ ಹೇಗಾಗುತ್ತೆ? ದೇವರ ಗೂಡಿಂದ ನೇರ ನಿಮ್ಮ ಕೈಗೆ ಕೊಟ್ಟಿದೀನಿ. ಖಾಲಿಯಾಗಿದ್ರೆ ನಿಮ್ಮ ಕೈಲೇ ಆಗಿರ್ಬೇಕು." ದಾರಿಯಲ್ಲಿ ಜೋಡಿಸಿದ್ದು ಒಂದೊಂದೇ ಹೊರಗೆ ಬಂತು. ಕುಂಬಳಕಾಯಿ ಕಳ್ಳ ಎಂದೆ. ಹೆಗಲು ಮುಟ್ಟಿ ನೋಡಿಕೊಂಡಿದ್ದಕ್ಕೇ ಈ ಲಕೋಟೆ ಎಂದೆ. ಅವರ ವಯಸ್ಸಿಗೆ ಅನ್ನಬಾರದ ಇನ್ನೂ ಒಂದೆರಡು ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ:

"ಹಂಗಂತನ ತಿಳ್ಕೊ. ನಾನ ಕದ್ದೀನಿ. ಕಾರ್ಡ್ ತಗೊಂಡು ಮನೀಗೆ ಹೋಗು ತಂಗಿ."

ಹಾಲು ಕಲಬೆರಕೆಯೋ ಅಲ್ಲವೋ ಎಂದು ವಾಸನೆಯಲ್ಲೇ ಕಂಡುಹಿಡಿಯುತ್ತಿದ್ದ ತಾಯಿಯ ಮಗಳು ನಾನು. ಕಳ್ಳ ಎಂದೂ ಹೀಗೆ ಒಪ್ಪಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಕರವಸ್ತ್ರದ ಗಂಟು ಅವರ ಮೊಣಕೈ ಪಕ್ಕದಲ್ಲೇ ಇತ್ತು. ಬಿಚ್ಚಿ, ಮೇಲಿನ ಕಾರ್ಡು ತೆಗೆದು, ಹಿಂದಿನ ನಂಬರಿಗೆ ಫೋನ್ ಮಾಡಿದೆ. "ಬ್ಯಾಡ ತಂಗಿ" ಎಂದು ಅವರು ಕೈ ಚಾಚಿದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ನಡುವೆ ಇಟ್ಟೆ, ಅವರು ಇಡುತ್ತಿದ್ದ ಹಾಗೆಯೇ.

ಮಷೀನು ಸೊನ್ನೆ ಎಂದಿತು. ಮಾತಾಡುವ ಮನುಷ್ಯರು ಬೇಕೆಂದು ಗುಂಡಿ ಒತ್ತಿದೆ. ಒಬ್ಬ ಹುಡುಗಿ ಬಂದಳು. ಬಹಳ ಮರ್ಯಾದೆಯಿಂದ, ಈ ಕಾರ್ಡು ಕಳೆದುಹೋಗಿದೆಯೆಂದು ರಿಜಿಸ್ಟರ್ ಮಾಡಿದವರೇ ನವೆಂಬರಿನಲ್ಲಿ ದೂರು ಕೊಟ್ಟಿದ್ದಾರೆ, ಬದಲಿ ಕಾರ್ಡನ್ನು ನಮ್ಮ ಪ್ಲೇನ್‌ಫೀಲ್ಡ್ ಅಂಗಡಿಯಿಂದ ತೆಗೆದುಕೊಂಡಿದ್ದಾರೆ ಎಂದಳು. ಉಳಿದ ಕಾರ್ಡುಗಳ ನಂಬರನ್ನೂ ಓದಿದೆ. ಎಲ್ಲವೂ ಹಾಗೇ. ಒಂದಾದ ಮೇಲೊಂದು, ಚಳಿಗಾಲವಿಡೀ ಕಳೆದುಹೋಗಿದ್ದವು. ಖರ್ಚು ಒಂದೇ ಸಲ ಆಗಿದೆಯಾ ಎಂದು ಕೇಳಿದೆ. ಇಲ್ಲ ಮ್ಯಾಮ್, ಎಲ್ಲ ಚಿಕ್ಕ ಚಿಕ್ಕದು, ಆರು ಡಾಲರ್, ಒಂಬತ್ತು ಡಾಲರ್ ಎಂದಳು. ಹಾಲು, ಬ್ರೆಡ್ಡು ತರುವಷ್ಟು. ಇನ್ನೇನಾದರೂ ಸಹಾಯ ಬೇಕೇ ಎಂದು ಕೇಳಿ ಫೋನಿಟ್ಟಳು.

ನಾನು ಕೂತೆ.

"ನಿಮಗೆ ಗೊತ್ತಿತ್ತು" ಎಂದೆ.

"ಕಾರ್ಡ್ ಒಯ್ದ ವಾರದ ಶನಿವಾರನ ಅಂಗಡ್ಯಾಗ ಕೇಳಿ ಗೊತ್ತಾತು. ಕಳ್ಳ ಯಾರಂತ ಗೊತ್ತಿಲ್ದಾಗ ಫೋನ್ ಎತ್ತಬಹುದು. ಗೊತ್ತಾದ ಮ್ಯಾಲ ಏನಂತ ಎತ್ತಲಿ?" ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನ ಕದ್ದೀನಿ ಅಂತ ಇರ್ಲಿ ತಂಗಿ. ನಾನಿಲ್ದಿದ್ರ ನಿನಗ ನಡೀತೈತಿ. ಅಣ್ಣ ಇಲ್ದಿದ್ರ ನಡ್ಯಾಂಗಿಲ್ಲ."

ಅವತ್ತು ನಾನು ಅಳಲಿಲ್ಲ. ನನಗೆ ಬಂದದ್ದು ಸಿಟ್ಟು. ದೇವರ ಮುಂದಿಟ್ಟಿದ್ದೇನೆ, ಮುಟ್ಟುವುದಿಲ್ಲ ಎಂದು ನಾನೇ ವರ್ಷ ವರ್ಷ ಹೇಳಿದ್ದೆ. ಇವಳು ಎಂದಿಗೂ ಖರ್ಚು ಮಾಡುವುದಿಲ್ಲ ಎಂದು ಗೊತ್ತಿದ್ದೇ ಅವನು ಕೈ ಹಾಕಿದ್ದು. ಅಂಕಲ್ "ಇವತ್ತು ಹೋಗಬ್ಯಾಡ, ಸಿಟ್ಟು ಇಳೀಲಿ" ಎಂದರೂ ಕೇಳದೆ ಪ್ಲೇನ್‌ಫೀಲ್ಡ್‌ಗೆ ಕಾರು ತಿರುಗಿಸಿದೆ. ಲಕೋಟೆಯನ್ನು ಬೇಡವೆಂದು ಮೇಜಿನ ಮೇಲೇ ಬಿಟ್ಟು ಹೊರಟಿದ್ದೆ. ಅವರು ಕಾರಿನ ತನಕ ಬಂದು ಕಿಟಕಿಯಿಂದ ಒಳಗೆ ಹಾಕಿದರು. "ದಾನ ಅಲ್ಲ ಇದು. ಫೋನ್ ಹಚ್ಚದ ಮಾಲು ತಗೊಂಡೆ. ಇನ್‌ಸ್ಪೆಕ್ಟರ್ ತಪ್ಪಿಗೆ ಇನ್‌ಸ್ಪೆಕ್ಟರ್ ದಂಡ ಕಟ್ಟಬೇಕು."

ಅಣ್ಣನ ಮನೆಯಲ್ಲಿ ಅತ್ತಿಗೆ ಬಾಗಿಲು ತೆಗೆದಳು. ಒಳಗೆ ಹೊರಗಿನಷ್ಟೇ ಥಂಡಿ. ಹೀಟರ್ ಫ್ಯಾರನ್‌ಹೀಟ್ ಐವತ್ತೆಂಟಕ್ಕೆ ಇಳಿಸಿದ್ದರು. ಅತ್ತಿಗೆ, ಮಕ್ಕಳು ಎಲ್ಲರೂ ಮನೆಯೊಳಗೇ ಕೋಟು ಹಾಕಿಕೊಂಡಿದ್ದರು. ಗರಾಜಿನಲ್ಲಿ ಎರಡು ಕಾರಿದ್ದ ಕಡೆ ಒಂದೇ ಇತ್ತು. ಅಣ್ಣ ಮೇಲಿನಿಂದ ಇಳಿದು ಬಂದ. ಇಸ್ತ್ರಿ ಮಾಡಿದ ಶರ್ಟು, ಅದರ ಮೇಲೆ ಸ್ವೆಟರು. ಶನಿವಾರ ಮನೆಯಲ್ಲಿ ಇಸ್ತ್ರಿ ಶರ್ಟು ಹಾಕುವವನಲ್ಲ ಅವನು. ನನ್ನ ಕಾರು ಬಂದದ್ದನ್ನು ಕಿಟಕಿಯಿಂದ ನೋಡಿ ಹಾಕಿಕೊಂಡಿರಬೇಕು.

"ಏನೇ, ಹೇಳ್ದೇ ಕೇಳ್ದೇ ಬಂದ್ಬಿಟ್ಟಿದೀಯಾ? ಯಾವಾಗ ಶಿಫ್ಟ್ ಆಗ್ತೀರಾ? ಬೇಸ್‌ಮೆಂಟ್ ಕ್ಲೀನ್ ಮಾಡ್ಸೋಣ ಅಂತಿದೀನಿ."

ಅಷ್ಟು ಹೊತ್ತು ಬಾಯಿತುದಿಯಲ್ಲಿದ್ದದ್ದು ಅಲ್ಲೇ ನಿಂತಿತು. ಅತ್ತಿಗೆ ಹಾಲಿಲ್ಲ ಎಂದು ಹೇಳಲಾರದೆ, "ನಿಂಗೆ ಬ್ಲ್ಯಾಕ್ ಕಾಫಿ ಆಗುತ್ತಲ್ವಾ?" ಎಂದು ಕೇಳಿದಳು. ನನಗೆ ಎಂದೂ ಆಗಿರಲಿಲ್ಲ. ಆಗುತ್ತೆ ಅತ್ತಿಗೆ ಎಂದೆ.

"ಇಲ್ಲ ಕಣೋ ಅಣ್ಣ, ನಾವು ಬರಲ್ಲ. ಅವರಿಗೆ ಅಲ್ಲೇ ಒಂದು ಕಡೆ ಆಗೋ ಹಾಗಿದೆ. ಅದನ್ನೇ ಹೇಳ್ಹೋಗೋಣ ಅಂತ ಬಂದೆ." ಯಾವ ಕಡೆಯೂ ಆಗುವ ಹಾಗಿರಲಿಲ್ಲ. ಅಣ್ಣ ಸೋಫಾದ ಮೇಲೆ ಕೂತು ಬಿಟ್ಟ ಉಸಿರು ನನಗೆ ಕೇಳಿಸಿತು. "ಅಯ್ಯೋ, ಬಂದಿದ್ರೆ ಚೆನ್ನಾಗಿತ್ತು" ಎಂದ.

ಹೊರಡುವಾಗ ಅತ್ತಿಗೆ ಕುಂಕುಮ ಕೊಟ್ಟಳು. ನಾನು ದಾರಿಯುದ್ದಕ್ಕೂ, ಇಂಡಿಯಾನಾ ದಾಟಿ ಮಿಶಿಗನ್ ಸೇರುವ ತನಕ, ಜೂನ್ ಮುಗಿದರೆ ಎಲ್ಲಿಗೆ ಹೋಗುವುದು ಎಂದು ಯೋಚಿಸಿದೆ. ಲಕೋಟೆ ಪಕ್ಕದ ಸೀಟಿನಲ್ಲೇ ಇತ್ತು. ಆ ತಿಂಗಳು ನಾವು ಊಟ ಮಾಡಿದ್ದು ಅದರಿಂದ. ಮೇ ಕೊನೆಯಲ್ಲಿ ನನ್ನ ಗಂಡನಿಗೆ ಅರ್ಧ ಸಂಬಳಕ್ಕೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಮನೆ ಉಳಿಯಿತು.

ನಾನು ಅಂಕಲ್ ಹೆಸರನ್ನು ತೊಳೆಯಲು ನೋಡಿದೆ, ನೋಡಲಿಲ್ಲವೆಂದಲ್ಲ. ಅಣ್ಣನನ್ನು ಎಳೆದು ತರುವಂತಿರಲಿಲ್ಲ. ಬೇಸಿಗೆಯ ಪಿಕ್‌ನಿಕ್‌ನಲ್ಲಿ ಎಲ್ಲರೆದುರು, ಆ ಕಾರ್ಡುಗಳನ್ನು ನಾನೇ ಯಾವಾಗಲೋ ಖರ್ಚು ಮಾಡಿ ಮರೆತಿದ್ದೆ, ಅಂಕಲ್ ತಪ್ಪೇನೂ ಇಲ್ಲ ಎಂದೆ. ವಸುಧಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು? ಖರ್ಚು ಮಾಡಿ ಮರೆತಿದ್ದೆ? ಕೂಪನ್ ಎಕ್ಸ್‌ಪೈರಿ ಡೇಟೆಲ್ಲ ಬಾಯಿಪಾಠ ಇರೋಳು?" ಸಂಜೆಯೊಳಗೆ ಹೊಸ ಕತೆ ಹಬ್ಬಿತು, ಆ ಮನುಷ್ಯ ಇವಳ ಬಾಯಿ ಮುಚ್ಚಿಸಿದ್ದಾನೆ ಎಂದು. ಊರ ಬಾಯಿ ಮುಚ್ಚೋಕಾಗುತ್ತಾ? ಅವರಿಗೆ ಕಾರ್ಡು ಕೊಡುವವರೇ ಇಲ್ಲವಾದರು.

ಅದನ್ನು ಅವರಿಗೆ ಹೇಳಿ ಬೇಜಾರು ಮಾಡಿಕೊಂಡೆ. ಅವರು ಕಾಫಿ ಮೂಸಿ, ಒಂದು ಗುಟುಕು ಕುಡಿದು, "ಸರಿನ ಐತಿ. ನಿನ್ನ ಮಾತು ನಾನಾಗಿದ್ರೂ ನಂಬ್ತಿದ್ದಿಲ್ಲ" ಎಂದರು. ವರ್ಷದ ಮೇಲೆ ಅವರ ದಂಡದ ದುಡ್ಡನ್ನು ಕಾರ್ಡುಗಳಲ್ಲೇ ವಾಪಸ್ ಕೊಟ್ಟೆ. ಒಂದೊಂದಕ್ಕೂ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಬ್ಯಾಲೆನ್ಸ್ ಕೇಳಿಯೇ ಜೇಬಿಗಿಟ್ಟುಕೊಂಡರು. ನನಗೆ ಅವಮಾನವಾಗಲಿಲ್ಲ, ಬಹಳ ಸಮಾಧಾನವಾಯಿತು.

ಅಣ್ಣನಿಗೂ ಆಮೇಲೆ ಕೆಲಸ ಸಿಕ್ಕಿತು. ಗೌರಿ ಹಬ್ಬಕ್ಕೆ ಈಗಲೂ ಕಾರ್ಡು ಕಳಿಸುತ್ತಾನೆ. ನಾನು ಹಿಂದಿನ ನಂಬರಿಗೆ ಫೋನ್ ಮಾಡುವುದಿಲ್ಲ. ಆ ಶನಿವಾರದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿಲ್ಲ. ನನಗೆ ಗೊತ್ತು ಎಂದು ಅವನಿಗೆ ಗೊತ್ತೋ ಇಲ್ಲವೋ, ಅದೂ ನನಗೆ ಗೊತ್ತಿರಲಿಲ್ಲ.

ನಿನ್ನೆ ಸಂಜೆ ಅಣ್ಣನ ಫೋನ್ ಬಂತು. ಅದೂ ಇದೂ ಮಾತಾಡಿ, "ಅಂದ್ಹಾಗೆ ಆ ಗ್ಲೆಂಡೇಲ್ ಹೈಟ್ಸ್ ಕಾರ್ಡ್ ಅಂಕಲ್ ಹೋಗ್ಬಿಟ್ರಂತೆ. ನಿನ್ನ ಬಾಗಿನದ ಕಾರ್ಡೆಲ್ಲ ಹೊಡ್ಕೊಂಡಿದ್ದು ಅವ್ರೇ ಅಲ್ವಾ?" ಎಂದ.

ಅವನ ದನಿ ಎಲ್ಲಾದರೂ ತಡವರಿಸುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇಲ್ಲ, ಸಲೀಸಾಗಿ ಕೇಳಿದ. ಊರೆಲ್ಲ ಅನ್ನುವುದನ್ನು ಕೇಳಿ ಕೇಳಿ ಅವನೂ ಅದನ್ನೇ ನಂಬಿಬಿಟ್ಟಿದ್ದಾನೆಯೇ, ಅಥವಾ ನನ್ನ ಬಾಯಿಂದ ಹೌದು ಎನ್ನಿಸಿಕೊಂಡು ಮುಗಿಸಿಬಿಡೋಣ ಎಂದೇ? ಎಷ್ಟು ಯೋಚಿಸಿದರೂ ತಿಳಿಯಲಿಲ್ಲ.

"ಅವರಲ್ಲ ಅಣ್ಣ" ಎಂದೆ.

ಮತ್ತೆ ಯಾರು ಎಂದು ಅವನು ಕೇಳಲಿಲ್ಲ. ನಿಮ್ಮ ಕಡೆ ಸ್ನೋ ಎಷ್ಟು ಬಿದ್ದಿದೆ ಎಂದು ಕೇಳಿದ.